ಪ್ರೇಯಸಿಯೋ, ಮಾತ್ರೆ ಎಣಿಸುವವಳೋ?

ಪ್ರಶ್ನೆ: ಅಕ್ಕಾ, ನನಗೆ 28, ಅವನಿಗೆ 31. ಮೂರು ವರ್ಷದ ಪ್ರೀತಿ. ಮೊದಲ ವರ್ಷವೇ ಒಮ್ಮೆ ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟ, ಸಾಲ ಮಾಡಿ ಮೂರು ಕ್ಯಾಮೆರಾ ಕೊಂಡ, ನಡುರಾತ್ರಿ ಫೋನ್ ಮಾಡಿ ‘ನನ್ನ ಏಳಿಗೆ ಕಂಡರೆ ನಿನಗಾಗದು’ ಎಂದು ಬೈದ. ಆಮೇಲೆ ನಾಲ್ಕು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಡಾಕ್ಟರು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಒಮ್ಮೆ ಕುಸಿಯುವ ಕಾಯಿಲೆ ಅಂದರು, ಲಿಥಿಯಂ ಮಾತ್ರೆ ಕೊಟ್ಟರು, ಎರಡು ವರ್ಷ ಚೆನ್ನಾಗಿದ್ದ. ಹೋದ ವಾರ ಅವನ ಡ್ರಾಯರ್‌ನಲ್ಲಿ ಐದು ವಾರದ ಮಾತ್ರೆ ಹಾಗೇ ಬಿದ್ದಿರುವುದು ಕಂಡಿತು. ಕೇಳಿದರೆ, ‘ನೀನು ನನ್ನ ಪ್ರೇಯಸಿಯೋ, ಮಾತ್ರೆ ಎಣಿಸೋ ನರ್ಸೋ?’ ಅಂದ. ಹೀಗಾದರೆ ನಾನಿರುವುದಿಲ್ಲ ಎಂದೆ. ‘ನೀನು ಹೋದರೆ ನಾನು ಬದುಕೋದಿಲ್ಲ’ ಅಂದ. ಅವನಮ್ಮ ಮದುವೆಯಾದರೆ ಎಲ್ಲ ಸರಿಹೋಗುತ್ತೆ ಅನ್ನುತ್ತಾರೆ. ಬಿಟ್ಟು ಹೋದರೆ ನಾನು ಪಾಪಿಯೇ?

ಉತ್ತರ: ತಂಗಿ, ಪಾಪದ ಲೆಕ್ಕ ಆಮೇಲೆ. ಮೊದಲು ಆ ಡ್ರಾಯರ್. ‘ಬದುಕೋದಿಲ್ಲ’ ಅಂದವನ ಕೈಗೆಟುಕುವಲ್ಲಿ ಐದು ವಾರದ ಲಿಥಿಯಂ ಇರಬಾರದು. ಅಳತೆಯಲ್ಲಿದ್ದಾಗ ಜೀವ ಕಾಯುವ ಆ ಮಾತ್ರೆ ಅಳತೆ ಮೀರಿದರೆ ವಿಷ. ಅವನಮ್ಮನಿಗೆ ಹೇಳಿ ಇವತ್ತೇ ತೆಗೆಸು. ನಿನ್ನ ಕಾಗದದಲ್ಲಿ ನೀನು ಇದನ್ನು ಗಮನಿಸಿದಂತಿಲ್ಲ, ನನ್ನ ಕಣ್ಣು ಮಾತ್ರ ಅಲ್ಲೇ ನಿಂತಿತು.

ನಾನು ಡಾಕ್ಟರಲ್ಲ. ಇದೇ ಕಾಯಿಲೆ ಇರುವವರ ಜೊತೆ 32 ವರ್ಷ ಸಂಸಾರ ಮಾಡಿದವಳು. ನೀನು ಮಾತ್ರೆ ಎಣಿಸಿದೆ, ಅಷ್ಟೇ. ನಾನು ಪುಡಿಮಾಡಿ ಅವರ ಊಟಕ್ಕೆ ಬೆರೆಸಿದ್ದೆ. ಮೂರನೇ ದಿನ ಗೊತ್ತಾಯಿತು. ಒಂದು ತಿಂಗಳು ನನ್ನ ಕೈಯಿಂದ ನೀರನ್ನೂ ತೆಗೆದುಕೊಳ್ಳಲಿಲ್ಲ. ಕಾಯಿಲೆ ಹುಟ್ಟಿಸುವ ಸಂಶಯ ಸಾಲದೆಂದು ನಿಜವಾದದ್ದೊಂದನ್ನು ನಾನೇ ಕೊಟ್ಟಿದ್ದೆ. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಕದ್ದು ಕೊಡಬೇಡ, ಕದ್ದು ಎಣಿಸಲೂ ಬೇಡ.

‘ಯಾಕೆ ಬಿಟ್ಟೆ’ ಎಂದು ಜಗಳದ ದನಿಯಿಲ್ಲದೆ ಕೇಳಿದ್ದೀಯಾ? ಇದನ್ನು ಬರೆಯುತ್ತಿರುವಾಗ ನಮ್ಮವರು ಹಿಂದೆ ನಿಂತು ಓದಿ, ‘ಕೈ ನಡುಕದ ವಿಷಯ ಸೇರಿಸು’ ಅಂದರು. ಸೇರಿಸಿದ್ದೇನೆ. ಕೈ ನಡುಗುತ್ತದೆ, ಬಾಯಾರುತ್ತದೆ, ಗಳಿಗೆಗೊಮ್ಮೆ ಮೂತ್ರಕ್ಕೆ ಏಳಬೇಕು, ತೂಕ ಏರುತ್ತದೆ. ಕೆಲವರಿಗೆ ಬುದ್ಧಿಗೆ ಮಂಕು ಕವಿದಂತೆ. ಇದನ್ನೆಲ್ಲ ಹೇಳಿದರೆ ಡಾಕ್ಟರು ಪ್ರಮಾಣ ಬದಲಿಸಬಹುದು, ಬೇರೆ ಔಷಧಿ ನೋಡಬಹುದು. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಆ ಉಬ್ಬರದ ದಿನಗಳ ಮೇಲಿನ ಆಸೆ. ನಾಲ್ಕು ರಾತ್ರಿ ನಿದ್ದೆಯಿಲ್ಲದೆಯೂ ದಣಿಯದೆ ತಾನೇ ರಾಜನಂತೆ ಇದ್ದವನಿಗೆ ಸಾಧಾರಣ ದಿನ ಸಪ್ಪೆ ಎನಿಸುತ್ತದೆ.

ಆದರೆ ಲಿಥಿಯಂ ಥಟ್ಟನೆ ಬಿಡುವಂಥದ್ದಲ್ಲ. ನಿಲ್ಲಿಸಲೇಬೇಕಾದರೂ ಡಾಕ್ಟರು ವಾರಗಟ್ಟಲೆ, ಸಾಧ್ಯವಾದರೆ ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಒಮ್ಮೆಗೇ ಬಿಟ್ಟರೆ ಕಾಯಿಲೆ ಬೇಗ ಮರುಕಳಿಸಬಹುದು, ಸಾಯುವ ಯೋಚನೆಯೂ ಹೆಚ್ಚಬಹುದು. ಹಾಗೆಂದು ಇವತ್ತು ತಾನಾಗಿ ಹಳೇ ಪ್ರಮಾಣವನ್ನೇ ಮತ್ತೆ ನುಂಗುವುದೂ ಬೇಡ. ಡಾಕ್ಟರಿಗೆ ‘ಐದು ವಾರ ಬಿಟ್ಟಿದ್ದೇನೆ’ ಎಂದು ಅವನೇ ಹೇಳಬೇಕು. ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ತೆಗೆದು ಲಿಥಿಯಂ ಮಟ್ಟ ನೋಡುವುದು, ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಎಲ್ಲ ಆಮೇಲೆ ಮತ್ತೆ ಶುರುವಾಗುತ್ತವೆ. ‘ಫೋನ್ ಬ್ಯಾಟರಿಗೂ ನನಗೂ ಒಂದೇ ಆಹಾರ’ ಎಂದು ನಮ್ಮವರು ಆ ದಿನಗಳಲ್ಲಿ ನಗುತ್ತಾರೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಈ ಕಾಯಿಲೆಯ ಉಬ್ಬರವನ್ನು ಲಿಥಿಯಂ ತಗ್ಗಿಸುತ್ತದೆ ಎಂದು ಬರೆದು ಪ್ರಕಟಿಸಿದರು. ಅಲ್ಲಿಯವರೆಗಿನ ಹೆಂಡತಿಯರು ಏನು ಮಾಡಿದರೋ ಎಂದು ನಾನು ಆಗಾಗ ಯೋಚಿಸುತ್ತೇನೆ.

ಈಗ ಅವನ ಬೆದರಿಕೆ. ಅದು ಬರೀ ಬೆದರಿಕೆಯೇ ಎಂದು ತೀರ್ಪು ಕೊಡುವ ಕೆಲಸ ನಿನ್ನದಲ್ಲ, ನಿಜವೆಂದೇ ತಿಳಿ. ‘ಸಾಯುವ ಯೋಚನೆ ಬರುತ್ತಿದೆಯಾ, ಹೇಗೆ ಎಂದೂ ಯೋಚಿಸಿದ್ದೀಯಾ?’ ಎಂದು ನೇರವಾಗಿ ಕೇಳು. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬನನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ. ಅವನು ‘ಯಾರಿಗೂ ಹೇಳಬೇಡ’ ಎಂದು ಆಣೆ ಹಾಕಿಸಿದ್ದರೂ ಅವನಮ್ಮನಿಗೆ, ಡಾಕ್ಟರಿಗೆ ಹೇಳು. ಇಷ್ಟು ಮಾಡಿದ ಮೇಲೆ ಅವನ ಉಸಿರಿಗೆ ನೀನೊಬ್ಬಳೇ ಕಾವಲುಗಾರ್ತಿ ಅಲ್ಲ. ‘ನಾನು ಹೋದರೆ ಸತ್ತಾನು’ ಎಂಬ ಭಯಕ್ಕೆ ಜೊತೆಗಿರುವುದನ್ನು ಪ್ರೀತಿ ಎಂದು ಕರೆಯಬೇಡ.

ಅವನಮ್ಮನ ಮಾತಿಗೆ ನನ್ನದು ಒಂದೇ ಉತ್ತರ: ನಿದ್ದೆಗೆಟ್ಟರೆ ಕೆರಳುವ ಕಾಯಿಲೆಗೆ ಮದುವೆಯ ಗಡಿಬಿಡಿ ಮದ್ದಾಗುವುದು ಹೇಗೆ?

ನಮ್ಮ ಬೀರುವಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿದೆ. ಅವರು ಆರಾಮಾಗಿದ್ದಾಗ ಅವರೇ ಬರೆದದ್ದು. ‘ಸತತ ಎರಡು ರಾತ್ರಿ ಮೂರೇ ಗಂಟೆ ಮಲಗಿ, ಆದರೂ ದಣಿವಿಲ್ಲ ಎಂದರೆ ಡಾಕ್ಟರಿಗೆ ಫೋನ್ ಮಾಡು, ನನ್ನ ಒಪ್ಪಿಗೆ ಕೇಳಬೇಡ. ಬ್ಯಾಂಕ್ ಕಾರ್ಡು ನಿನ್ನ ಹತ್ತಿರ ಇಟ್ಟುಕೋ. ಆ ಹೊತ್ತಿನಲ್ಲಿ ನಾನು ಏನು ಬೈದರೂ ವಾದಿಸಬೇಡ, ಹುಷಾರಾದ ಮೇಲೆ ಕ್ಷಮೆ ಕೇಳುವುದು ನನ್ನ ಕೆಲಸ.’ ಕೊನೆಯ ಸಾಲನ್ನು ಅವರು ಪ್ರತಿ ಸಲವೂ ಪಾಲಿಸಿದ್ದಾರೆ, ನಾನು ಉಳಿದದ್ದು ಅದಕ್ಕೇ. ನಿನ್ನವನು ಆ ಬೈಗುಳದ ಬಗ್ಗೆ, ಸಾಲದ ಬಗ್ಗೆ ಆಮೇಲೆ ಮಾತಾಡಿದನೋ, ಅಥವಾ ‘ಅದು ಕಾಯಿಲೆ’ ಎಂದು ಕೈತೊಳೆದುಕೊಂಡನೋ? ನೀನದನ್ನು ಬರೆದಿಲ್ಲ.

ಅವನು ಡಾಕ್ಟರ ಹತ್ತಿರ ಹೋಗಿ, ಇಂಥದ್ದೊಂದು ಹಾಳೆ ತಾನೇ ಬರೆಯಲು ಕೂತರೆ, ಇನ್ನೊಂದಷ್ಟು ದಿನ ಇದ್ದು ನೋಡು ಎನ್ನುತ್ತೇನೆ. ‘ನನಗೇನೂ ಆಗಿಲ್ಲ’ ಎಂದೇ ಪಟ್ಟು ಹಿಡಿದರೆ ಹೊರಡು. ಅವನ ಮನೆಯವರಿಗೂ ಡಾಕ್ಟರಿಗೂ ತಿಳಿಸಿ, ಹಗಲು ಹೊತ್ತಿನಲ್ಲಿ, ಅವನ ಜೊತೆ ಇನ್ನೊಬ್ಬರು ಇರುವಾಗ ಹೊರಡು. ಪಾಪವೇನೂ ಬಾರದು. ಅಳು ಬರುತ್ತದೆ, ಅದು ಬೇರೆ.

ಈ ಪುಟ ಅವನಿಗೆ ತೋರಿಸಬೇಕೆನಿಸಿದರೆ ತೋರಿಸು. ಆದರೆ ಡ್ರಾಯರ್ ಖಾಲಿ ಮಾಡಿಸಿದ ಮೇಲೆ.