ಬರ್ಟ್ ವಿಲಿಯಮ್ಸ್ ಮುಖದ ಮಸಿ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೆ,

ಹೋದ ಸಂಚಿಕೆಯ ಮೂಕಿ ಹಾಸ್ಯನಟರ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಚಾಪ್ಲಿನ್, ಕೀಟನ್ ಇಬ್ಬರಿಗೂ ಪುಟಗಟ್ಟಲೆ ಜಾಗ ಕೊಟ್ಟು ಕಪ್ಪು ಜನಾಂಗದ ಹಾಸ್ಯನಟ, ಗಾಯಕ ಬರ್ಟ್ ವಿಲಿಯಮ್ಸ್ ಅವರನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ ಎಂಬ ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆ ಎರಡು ಸಾಲಿನಲ್ಲೂ ಒಂದು ತಪ್ಪು ನುಸುಳಿತ್ತು. ಅವರು ಹುಟ್ಟಿದ್ದು ಅಮೆರಿಕದಲ್ಲಲ್ಲ, ಬಹಾಮಾಸ್‌ನ ನಸ್ಸೌ ಪಟ್ಟಣದಲ್ಲಿ, 1874ರ ನವೆಂಬರ್ 12ರಂದು. ಕುಟುಂಬ ಅಮೆರಿಕಕ್ಕೆ ಬಂದು ನೆಲೆಸಿದ್ದು ಆಮೇಲೆ. ದಯವಿಟ್ಟು ತಿದ್ದಿಕೊಳ್ಳಿ.

ನೀವು ಕೇಳಿರುವುದು ಮೂರು. ಕಪ್ಪು ಜನಾಂಗದ ನಟರೇ ಮತ್ತೆ ಮುಖಕ್ಕೆ ಕಪ್ಪು ಬಳಿದುಕೊಂಡರು ಎಂದು ಬರೆದಿದ್ದೀರಲ್ಲ, ಅದು ಅಚ್ಚಿನ ದೋಷವೇ? ಅಷ್ಟು ದೊಡ್ಡ ಹೆಸರಾಗಿದ್ದರೆ ಅವರ ಚಿತ್ರಗಳೆಲ್ಲಿ? ಇಂಟರ್‌ನೆಟ್ಟಿನಲ್ಲಿ ಸಿಕ್ಕ ತುಣುಕಿನಲ್ಲಿ ಎಲ್ಲರೂ ಗಡಿಬಿಡಿಯಿಂದ ಓಡಾಡುತ್ತಾರೆ, ಹಾಡು ಡಬ್ಬದೊಳಗಿಂದ ಬಂದ ಹಾಗಿದೆ. ಹಾಗಾದರೆ ಆ ಕಾಲದ ಜನ ನಕ್ಕಿದ್ದು ಯಾವುದಕ್ಕೆ? ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ನೀವು ನೋಡಿದ್ದು ಅವರ ಅಭಿನಯವನ್ನಲ್ಲ, ತಪ್ಪು ವೇಗದಲ್ಲಿ ಓಡುತ್ತಿರುವ ಫಿಲ್ಮನ್ನು. ಅದನ್ನು ಸರಿಪಡಿಸಿಕೊಳ್ಳುವ ದಾರಿ ಇದೆ. ಮೊದಲು ಮಸಿಯ ವಿಚಾರ ಮುಗಿಸುತ್ತೇವೆ.

ಅಚ್ಚಿನ ದೋಷವಲ್ಲ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ‘ಮಿನ್‌ಸ್ಟ್ರೆಲ್’ ಆಟ 19ನೆಯ ಶತಮಾನದ ಮೊದಲ ಅರ್ಧದಲ್ಲೇ ಅಮೆರಿಕದಲ್ಲಿ ಬೇರೂರಿತ್ತು. ಐವತ್ತು ವರ್ಷ ಆ ಆಟವನ್ನೇ ನೋಡಿದ ಪ್ರೇಕ್ಷಕರ ಕಣ್ಣಿಗೆ ರಂಗದ ಮೇಲಿನ ಕಪ್ಪು ಮನುಷ್ಯ ಅಂದರೆ ಆ ಮುಖವಾಡವೇ. 1890ರ ದಶಕದಲ್ಲಿ ಕಪ್ಪು ನಟರಿಗೆ ದೊಡ್ಡ ರಂಗಮಂದಿರಗಳ ಬಾಗಿಲು ತೆರೆಯತೊಡಗಿದಾಗಲೂ ಆ ಮುಖವಾಡ ಹೊಸ್ತಿಲಲ್ಲೇ ಕಾದಿತ್ತು. ವಿಲಿಯಮ್ಸ್ ತಿಳಿ ಮೈಬಣ್ಣದವರು. ಪ್ರೇಕ್ಷಕರು ನಿರೀಕ್ಷಿಸಿದ ಬಣ್ಣಕ್ಕೆ ತಾವೇ ಮೈಯೊಡ್ಡಬೇಕಾಯಿತು.

ಆ ಬಣ್ಣ ತಯಾರಾಗುತ್ತಿದ್ದುದು ಬಾಟಲಿಯ ಬೆಂಡಿನ ಬಿರಡೆಗಳಿಂದ. ಬಿರಡೆಗಳನ್ನು ತಗಡಿನ ಪಾತ್ರೆಗೆ ಹಾಕಿ, ಸ್ಪಿರಿಟ್ಟಿನಲ್ಲಿ ನೆನೆಸಿ ಬೆಂಕಿ ಹಚ್ಚುವುದು. ಪೂರ್ತಿ ಕರಿಕಾದ ಮೇಲೆ ನುಣ್ಣಗೆ ಅರೆದು, ನೀರಿನಲ್ಲಿ ಗಟ್ಟಿಯಾಗಿ ಕಲಸಿ ಸಣ್ಣ ಡಬ್ಬಿಗಳಲ್ಲಿ ತುಂಬಿಡುವುದು. ಆಟದ ಹೊತ್ತಿಗೆ ಸ್ವಲ್ಪ ನೀರು ಸೇರಿಸಿ ಅಂಗೈಯಿಂದ ಮುಖಕ್ಕೆ, ಕುತ್ತಿಗೆಗೆ ಬಳಿಯುತ್ತಿದ್ದರು. ತುಟಿಯ ಸುತ್ತ ಅಗಲವಾಗಿ ಜಾಗ ಬಿಟ್ಟು ಅಲ್ಲಿ ತಿಳಿ ಬಣ್ಣ. ನೀರಿನಲ್ಲಿ ಕಲಸಿದ ಮಸಿಯಾದ್ದರಿಂದ ಸೋಪು ಹಾಕಿ ತಿಕ್ಕಿದರೆ ಬಿಡುತ್ತಿತ್ತು.

ಬೆಂಡಿನ ಮಸಿಗೆ ಹೊಳಪು ಇಲ್ಲ, ಬಿದ್ದ ಬೆಳಕನ್ನು ಅದು ನುಂಗಿಬಿಡುತ್ತದೆ. ಹುಬ್ಬಿನ ನಡುವಿನ ಗೆರೆ, ಕೆನ್ನೆಯ ಸಣ್ಣ ಸೆಳೆತ, ದವಡೆ ಬಿಗಿಯುವುದು, ಇವು ಯಾವುವೂ ಹಿಂದಿನ ಸಾಲಿಗೆ ಕಾಣವು. ಉಳಿಯುವುದು ಕಣ್ಣಿನ ಬಿಳಿ ಮತ್ತು ಬಾಯಿ. ಹಾಗಾಗಿ ವಿಲಿಯಮ್ಸ್ ತಮ್ಮ ಅಭಿನಯದ ಬಹುಭಾಗವನ್ನು ಮುಖದಿಂದ ಕೆಳಗಿಳಿಸಿ ಹೆಗಲಿಗೆ, ಮಣಿಕಟ್ಟಿಗೆ, ಬೆರಳಿಗೆ ತಂದರು. ಎಲ್ಲಕ್ಕಿಂತ ಹೆಚ್ಚಾಗಿ ತಡೆದು ನಿಲ್ಲುವುದಕ್ಕೆ ತಂದರು. ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ಅವರು ಬಿಡುತ್ತಿದ್ದ ಮೌನದಲ್ಲಿ ನಗು ಹುಟ್ಟುತ್ತಿತ್ತು. ಮಸಿ ಒಂದು ಅವಮಾನ, ಅದರಲ್ಲಿ ಎರಡು ಮಾತಿಲ್ಲ. ಅದರೊಳಗೆ ಕುಳಿತೂ ಈ ಮನುಷ್ಯ ಕಟ್ಟಿದ ಕಲೆ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ಮಾತ್ರ ಆ ಅವಮಾನದ ಜೊತೆ ಹೂಳಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅವರ ಜೋಡಿ ಜಾರ್ಜ್ ವಾಕರ್. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೇಟಿಯಾದವರು. ವಾಕರ್ ಮಸಿ ಹಚ್ಚದೆ ಠಾಕುಠೀಕಾಗಿ ಬರುವ ಚುರುಕು ಶೋಕಿಲಾಲ. ವಿಲಿಯಮ್ಸ್ ಅಳತೆಗೆ ಸಿಗದ ಬಟ್ಟೆಯ, ದುರದೃಷ್ಟವನ್ನೇ ಬೆನ್ನಿಗೆ ಕಟ್ಟಿಕೊಂಡ ನಿಧಾನಿ. ಇವರಿಬ್ಬರ ‘ಇನ್ ದಹೋಮಿ’ 1903ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬೀದಿಯಾದ ಬ್ರಾಡ್‌ವೇಗೆ ಬಂತು. ಕಪ್ಪು ಜನರೇ ಬರೆದು, ಸಂಗೀತ ಕೂಡಿಸಿ, ಆಡಿದ ಪೂರ್ಣ ಪ್ರಮಾಣದ ಸಂಗೀತ ನಾಟಕ ಅದು. ಸಂಗೀತ ವಿಲ್ ಮೇರಿಯನ್ ಕುಕ್ ಅವರದು. ಅದೇ ವರ್ಷ ಲಂಡನ್ನಿಗೆ ಹೋಗಿ ಜೂನ್ 23ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ, ಮುಂದೆ ರಾಜ ಎಂಟನೆಯ ಎಡ್ವರ್ಡ್ ಆದ ಬಾಲಕನ ಒಂಬತ್ತನೆಯ ಹುಟ್ಟುಹಬ್ಬಕ್ಕೆ ಆಡಿದರು. 1909ರಲ್ಲಿ ವಾಕರ್ ಕಾಯಿಲೆ ಬಿದ್ದಾಗ ಅವರ ಪತ್ನಿ ಏಡಾ ಓವರ್ಟನ್ ವಾಕರ್ ಗಂಡನ ಉಡುಪು ತೊಟ್ಟು ಅವರ ಹಾಡು ಕುಣಿತವನ್ನು ತಾವೇ ನಿಭಾಯಿಸಿದರು. 1911ರ ಜನವರಿಯಲ್ಲಿ ವಾಕರ್, 1914ರಲ್ಲಿ ಏಡಾ ತೀರಿಕೊಂಡರು. ಅಷ್ಟರಲ್ಲಿ ವಿಲಿಯಮ್ಸ್ 1910ರಿಂದ ‘ಜಿಗ್‌ಫೆಲ್ಡ್ ಫಾಲೀಸ್’ ಎಂಬ ಅತಿ ದುಬಾರಿ ಪ್ರದರ್ಶನಕ್ಕೆ ಸೇರಿದ್ದರು. ಆ ತಂಡದ ಕೆಲವು ಬಿಳಿ ನಟರು ಮುಖ ಸಿಂಡರಿಸಿದರೂ ಮಾಲೀಕರು ವಿಲಿಯಮ್ಸ್ ಅವರನ್ನು ಬಿಡಲಿಲ್ಲ.

ಈಗ ಚಿತ್ರಗಳ ವಿಚಾರ. ಮೂಕಿ ಕಾಲದ ಫಿಲ್ಮ್ ಸೆಲ್ಯುಲೋಸ್ ನೈಟ್ರೇಟಿನದು. ಅದು ತಾನಾಗಿಯೇ ಕೊಳೆಯುವ ವಸ್ತು. ಮೊದಲು ಚಿತ್ರ ಮಸುಕಾಗಿ ಕಂದುಬಣ್ಣಕ್ಕೆ ತಿರುಗಿ ಕಟು ವಾಸನೆ ಬರುತ್ತದೆ, ಆಮೇಲೆ ಮೇಲ್ಪದರ ಅಂಟಂಟಾಗಿ ಸುತ್ತುಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ, ನೊರೆ ಏಳುತ್ತದೆ, ಗಟ್ಟಿ ಗಡ್ಡೆಯಾಗುತ್ತದೆ, ಕೊನೆಗೆ ಉಳಿಯುವುದು ಕಂದು ಪುಡಿ. ಕೊಳೆಯುವಾಗ ಹೊರಬರುವ ಆಮ್ಲದ ಆವಿ ಕೊಳೆತವನ್ನು ಮತ್ತಷ್ಟು ಬೇಗ ಮಾಡುತ್ತದೆ. ಹಾಗಾಗಿ ಬಿಗಿಯಾಗಿ ಮುಚ್ಚಿದ ಡಬ್ಬಿಯೇ ಅದಕ್ಕೆ ಮೃತ್ಯು. ಕೊಳೆತ ನೈಟ್ರೇಟ್ 41 ಡಿಗ್ರಿ ಸೆಲ್ಸಿಯಸ್‌ನಷ್ಟು ಸೆಖೆಗೇ ಹೊತ್ತಿಕೊಳ್ಳಬಲ್ಲದು, ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಬಿಡುವುದರಿಂದ ನೀರಿನೊಳಗೂ ಆರುವುದಿಲ್ಲ. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿ ಫಾಕ್ಸ್ ಕಂಪನಿಯ ಉಗ್ರಾಣ ಸುಟ್ಟಿದ್ದು ಇಂಥದೇ ಸೆಖೆಯಲ್ಲಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ತಯಾರಾದ 10,919 ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಇಡಿಯಾಗಿ ಉಳಿದಿರುವುದು 1,575, ಅಂದರೆ ಶೇ. 14. ಕನ್ನಡದ ಮೊದಲ ವಾಕ್‌ಚಿತ್ರ, 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಲ್ಲದ ನಮಗೆ ಈ ಲೆಕ್ಕದ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ನಾಶದ ನಡುವೆಯೂ ವಿಲಿಯಮ್ಸ್ ಅವರದೊಂದು ದೊಡ್ಡ ನಿಧಿ ಉಳಿಯಿತು. 1913ರಲ್ಲಿ ಬಯೋಗ್ರಾಫ್ ಕಂಪನಿಗಾಗಿ ಕಪ್ಪು ನಟರ ಭಾರಿ ತಂಡದೊಂದಿಗೆ ಅವರ ಒಂದು ಚಿತ್ರದ ಶೂಟಿಂಗ್ ಆಯಿತು. ಊರಿನ ಸುಂದರಿಯ ಕೈ ಹಿಡಿಯಲು ಮೂವರ ಪೈಪೋಟಿ, ಇಷ್ಟೇ ಕಥೆ. ಅದು ಎಡಿಟಿಂಗ್ ಕಾಣಲಿಲ್ಲ, ಹೆಸರು ಪಡೆಯಲಿಲ್ಲ, ಬಿಡುಗಡೆಯೂ ಆಗಲಿಲ್ಲ. 1939ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಬಯೋಗ್ರಾಫಿನ ಸುಮಾರು 900 ಡಬ್ಬಿ ನೆಗೆಟಿವ್‌ಗಳನ್ನು ಉಳಿಸಿಕೊಂಡಾಗ ಈ ಚಿತ್ರದ ಏಳು ರೀಲೂ ಅದರೊಳಗೆ ಬಂದವು. ಸ್ಕ್ರಿಪ್ಟ್ ಇಲ್ಲ, ಶೀರ್ಷಿಕೆ ಪಟ್ಟಿಗಳಿಲ್ಲ, ನಟರ ಹೆಸರಿಲ್ಲ. ಒಂದೇ ದೃಶ್ಯದ ಎರಡು ಮೂರು ಟೇಕ್‌ಗಳು ಹಾಗೇ ಸುತ್ತಿಕೊಂಡಿವೆ. ಸಂಶೋಧಕರು ಹಳೆಯ ರಂಗಫೋಟೋಗಳ ಪಕ್ಕದಲ್ಲಿ ಒಂದೊಂದೇ ಮುಖ ಇಟ್ಟು ಹೋಲಿಸಿದರು, ತುಟಿಯ ಚಲನೆ ಓದಬಲ್ಲವರನ್ನು ಕೂರಿಸಿ ಮಾತುಗಳನ್ನು ಹೆಕ್ಕಿದರು. ನಾಯಕಿ ಒಡೆಸಾ ವಾರನ್ ಗ್ರೇ ಎಂದು ಗೊತ್ತಾಯಿತು. 2014ರಲ್ಲಿ, ನೂರು ವರ್ಷ ತಡವಾಗಿ, ‘ಲೈಮ್ ಕಿಲ್ನ್ ಕ್ಲಬ್ ಫೀಲ್ಡ್ ಡೇ’ ಎಂಬ ಹೆಸರಿನಲ್ಲಿ ಪ್ರೇಕ್ಷಕರ ಮುಂದೆ ಬಂತು. ಅದರಲ್ಲಿ ಮಸಿ ಹಚ್ಚಿದವರು ವಿಲಿಯಮ್ಸ್ ಒಬ್ಬರೇ. ಸುತ್ತಲಿನವರೆಲ್ಲ ತಮ್ಮ ತಮ್ಮ ಮುಖದಲ್ಲೇ ನಗುತ್ತಾರೆ, ಕುಣಿಯುತ್ತಾರೆ. ಕೊನೆಯ ಹೊತ್ತಿಗೆ ನಾಯಕ ನಾಯಕಿಯರ ಮುತ್ತು ಇದೆ. ಕಪ್ಪು ಜೋಡಿಯ ಪ್ರೇಮವನ್ನು ಅಣಕವಿಲ್ಲದೆ ತೋರಿಸಿದ ಅಂಥ ದೃಶ್ಯ ಆ ಕಾಲದ ಚಿತ್ರಗಳಲ್ಲಿ ಬಹಳ ಅಪರೂಪ.

ನೀವು ನೋಡಿದ ತುಣುಕು ಇದಲ್ಲ. ನಿಮ್ಮ ವಿವರಣೆಯಂತೆ ಜೈಲಿನ ಕೋಣೆಯಲ್ಲಿ ಒಬ್ಬರೇ ಕುಳಿತು ಇಸ್ಪೀಟು ಆಡುವುದು ಇದೆಯಲ್ಲ, ಅದು 1916ರ ‘ಎ ನ್ಯಾಚುರಲ್ ಬಾರ್ನ್ ಗ್ಯಾಂಬ್ಲರ್’. ಇಲ್ಲಿ ವೇಗದ ಲೆಕ್ಕ ತಿಳಿಯಬೇಕು. ಆಗಿನ ಕ್ಯಾಮೆರಾಕ್ಕೆ ಕೈಯಿಂದ ತಿರುಗಿಸುವ ಹಿಡಿ. ಒಂದು ಸುತ್ತಿಗೆ 8 ಚೌಕಟ್ಟು (ಅಂದರೆ 8 ಬಿಡಿ ಚಿತ್ರ), ಸೆಕೆಂಡಿಗೆ ಎರಡು ಸುತ್ತು, ಒಟ್ಟು 16 ಚೌಕಟ್ಟು. ಮಾತಿನ ಚಿತ್ರ ಬಂದ ಮೇಲೆ ಪ್ರೊಜೆಕ್ಟರ್ ಸೆಕೆಂಡಿಗೆ 24ಕ್ಕೆ ನಿಂತಿತು. ಒಂದು ಅಡಿ 35 ಮಿಲಿಮೀಟರ್ ಫಿಲ್ಮಿನಲ್ಲಿ 16 ಚೌಕಟ್ಟು. ಸಾವಿರ ಅಡಿಯ ರೀಲು ಮೂಲ ವೇಗದಲ್ಲಿ 16 ನಿಮಿಷ 40 ಸೆಕೆಂಡು ಓಡಬೇಕು. 24ರಲ್ಲಿ ಓಡಿಸಿದರೆ 11 ನಿಮಿಷ ದಾಟುತ್ತಲೇ ಮುಗಿದುಹೋಗುತ್ತದೆ. ಬಿದ್ದು ಏಳುವ ಹಾಸ್ಯವಾದರೆ ಈ ಓಟವನ್ನು ಹೇಗೋ ತಡೆದುಕೊಳ್ಳುತ್ತದೆ. ತಡೆದು ನಿಲ್ಲುವುದೇ ಬಂಡವಾಳವಾದ ನಟನ ಕುತ್ತಿಗೆಯನ್ನು ಅದು ಹಿಸುಕುತ್ತದೆ.

ಆದ್ದರಿಂದ ನಿಮ್ಮ ವಿಡಿಯೋ ಪ್ಲೇಯರಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ ನೋಡಿ; 24 ಇದ್ದದ್ದು 18 ಆಗುತ್ತದೆ. ಹೀಗೆ ಇಳಿಸಿದಾಗ ನೆಲಕ್ಕೆ ಬೀಳುವ ವಸ್ತು ತೇಲಿದಂತೆ ಕಂಡರೆ, ನಡಿಗೆ ಭಾರವಾದರೆ, ಆ ಪ್ರತಿಯನ್ನು ಯಾರೋ ಮೊದಲೇ ಸರಿಪಡಿಸಿದ್ದಾರೆ ಎಂದರ್ಥ. ಮಾಮೂಲಿ ವೇಗಕ್ಕೆ ಮರಳಿ. ವೇಗ ಸರಿಹೋದ ಮೇಲೆ ಕೈಗಳನ್ನಷ್ಟೇ ನೋಡಿ. ಇಲ್ಲದ ಇಸ್ಪೀಟು ಕಟ್ಟನ್ನು ಅವರು ಕಲಸುತ್ತಾರೆ, ಇಲ್ಲದ ಆಟಗಾರರಿಗೆ ಹಂಚುತ್ತಾರೆ, ತಮ್ಮ ಎಲೆಗಳನ್ನು ಎತ್ತಿಕೊಂಡು ಎದುರಿನವರನ್ನು ಕಣ್ಣಂಚಿನಲ್ಲಿ ಅಳೆಯುತ್ತಾರೆ, ಪಣ ಒಡ್ಡುತ್ತಾರೆ. ತಾನೇ ಕಲ್ಪಿಸಿಕೊಂಡ ಆಟದಲ್ಲೂ ಕೊನೆಗೆ ಸೋಲುತ್ತಾರೆ. ಫಾಲೀಸ್ ರಂಗದಿಂದ ಚಿತ್ರಕ್ಕೆ ಬಂದ ಮೂಕಾಭಿನಯ ಇದು.

ಹಾಡಿಗೂ ಇಂಥದೇ ಲೆಕ್ಕ. ವಿದ್ಯುತ್ ಮೈಕ್ರೋಫೋನಿನಿಂದ ಗ್ರಾಮಫೋನ್ ಧ್ವನಿಮುದ್ರಣ ಶುರುವಾದದ್ದು 1925ರಲ್ಲಿ. ವಿಲಿಯಮ್ಸ್ 1922ರ ಮಾರ್ಚ್ 4ರಂದು, 47ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಾಗಾಗಿ ಅವರ ಎಲ್ಲ ಹಾಡುಗಳೂ ದೊಡ್ಡ ಕಹಳೆಯ ಬಾಯಿಗೆ ಹಾಡಿದವು. ಆ ಕಹಳೆ ಸುಮಾರು 2,500 ಹರ್ಟ್ಜ್‌ಗಿಂತ ಮೇಲಿನ ಸ್ವರವನ್ನು ಹೆಚ್ಚುಕಡಿಮೆ ಹಿಡಿಯುತ್ತಲೇ ಇರಲಿಲ್ಲ. ‘ಸ’, ‘ಫ’ ಇವುಗಳ ಉಸಿರು ಇರುವುದು ಅದಕ್ಕಿಂತ ಮೇಲೆಯೇ. ಮಾತು ಮಂಕಾಗಿ ಕೇಳುವುದು ಅದಕ್ಕೆ. ಹಾಡಿನ ಸಾಹಿತ್ಯವನ್ನು ಮುಂದಿಟ್ಟುಕೊಂಡು ಕೇಳಿದರೆ ಅರ್ಧ ಕಷ್ಟ ಕಳೆಯುತ್ತದೆ. ಒಂದೇ ಹಾಡಿನ ಎರಡು ಡಿಜಿಟಲ್ ಪ್ರತಿ ಸಿಕ್ಕರೆ ಚರಚರ ಸದ್ದು ಹೆಚ್ಚಿರುವುದನ್ನೇ ಆರಿಸಿಕೊಳ್ಳಿ. ಸದ್ದು ಒರೆಸುವವರು ಉಳಿದಿದ್ದ ಅಷ್ಟಿಷ್ಟು ಉಸಿರನ್ನೂ ಒರೆಸಿರುತ್ತಾರೆ. ನಿಮ್ಮ ಮನೆಯಲ್ಲಿ ಗ್ರಾಮಫೋನ್ ಪ್ಲೇಟುಗಳಿವೆ ಎಂದು ಬರೆದಿದ್ದೀರಿ. ಅವನ್ನು ಈಗಿನ ಟರ್ನ್‌ಟೇಬಲ್ಲಿನ ಎಲ್‌ಪಿ ಮುಳ್ಳಿನಲ್ಲಿ ಕೇಳಬೇಡಿ. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಒಂದು ಇಂಚಿನ ಸಾವಿರ ಪಾಲಿನಲ್ಲಿ ಒಂದಕ್ಕಿಂತ ಹೆಚ್ಚಿಲ್ಲ, ಅದು ಪ್ಲೇಟಿನ ಗೀರಿನ ತಳಕ್ಕೆ ಇಳಿದು ಧೂಳನ್ನು ಕೆರೆಯುತ್ತದೆ. ಹಳೆಯ ಪ್ಲೇಟಿಗೆ ತುದಿಯ ತ್ರಿಜ್ಯ ಸಾವಿರ ಪಾಲಿನಲ್ಲಿ ಮೂರರಷ್ಟಿರುವ ಮುಳ್ಳು ಬೇಕು. ವಿಲಿಯಮ್ಸ್ ಹಾಡಿದ ಕೊಲಂಬಿಯಾ ಪ್ಲೇಟುಗಳ ವೇಗ ನಿಮಿಷಕ್ಕೆ ಸುಮಾರು 80 ಸುತ್ತು. 78ಕ್ಕೆ ಇಟ್ಟರೆ ಶ್ರುತಿ ಶೇ. 2.5ರಷ್ಟು ಇಳಿಯುತ್ತದೆ. ಅರ್ಧ ಸ್ವರಕ್ಕೂ ಕಡಿಮೆ ನಿಜ, ಆದರೆ ಅವರ ಮಾತಿಗೆ ಇಲ್ಲದ ಆಲಸ್ಯ ಬಂದುಬಿಡುತ್ತದೆ.

ಮೊದಲು ‘ನೋಬಡಿ’ ಕೇಳಿ. ಸಾಹಿತ್ಯ ಅಲೆಕ್ಸ್ ರಾಜರ್ಸ್ ಅವರದು, ರಾಗ ವಿಲಿಯಮ್ಸ್ ಅವರದೇ. 1906ರಲ್ಲೊಮ್ಮೆ, 1913ರಲ್ಲೊಮ್ಮೆ ಮುದ್ರಿಸಿದ್ದಾರೆ. ಕಷ್ಟಕಾಲದಲ್ಲಿ ತನ್ನ ನೆರವಿಗೆ ಬಂದವರು ಯಾರು ಎಂದು ಕೇಳಿಕೊಂಡು, ಯಾರೂ ಇಲ್ಲ ಎಂದು ತಾನೇ ಉತ್ತರಿಸಿಕೊಳ್ಳುವವನ ಹಾಡು. ಅರ್ಧ ಮಾತು, ಅರ್ಧ ಗಾನ. ತಾಳ ಮುಂದೆ ಹೋಗಿರುತ್ತದೆ, ಅವರ ಸ್ವರ ಹಿಂದೆಯೇ ಉಳಿದು ಆಮೇಲೆ ಬಂದು ಕೂಡಿಕೊಳ್ಳುತ್ತದೆ. ಟ್ರೋಂಬೋನ್ ಎಂಬ ಊದುವಾದ್ಯ ಜಾರುತ್ತಾ ನರಳುತ್ತದೆ. ರಂಗದ ಮೇಲೆ ಈ ಹಾಡಿಗೆ ಅವರು ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು, ಮುಂದಿನ ನುಡಿ ಯಾವ ಪುಟದಲ್ಲಿದೆ ಎಂದು ಸಾವಧಾನವಾಗಿ ಹುಡುಕುತ್ತಿದ್ದರು. ಪ್ಲೇಟಿನಲ್ಲಿ ಆ ಹುಡುಕಾಟಕ್ಕೆ ಜಾಗವಿಲ್ಲ. ಹತ್ತು ಇಂಚಿನ ಪ್ಲೇಟಿನಲ್ಲಿ ಹಿಡಿಸುವುದು ಮೂರು ನಿಮಿಷ ಚಿಲ್ಲರೆ. ಎರಡು ನುಡಿಗಳ ನಡುವೆ ಆ ಮೌನವನ್ನು ನೀವೇ ಸೇರಿಸಿಕೊಂಡು ಕೇಳಬೇಕು.

1923ಕ್ಕೆ ಮುಂಚಿನ ಧ್ವನಿಮುದ್ರಣಗಳೆಲ್ಲ ಅಮೆರಿಕದ ಕಾನೂನಿನಂತೆ 2022ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಾಗಿವೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ‘ನ್ಯಾಷನಲ್ ಜ್ಯೂಕ್‌ಬಾಕ್ಸ್’ ಸಂಗ್ರಹದಲ್ಲಿ ಅವರ ಹೆಸರು ಹಾಕಿ ಹುಡುಕಿ, ದುಡ್ಡು ಕೊಡಬೇಕಾಗಿಲ್ಲ. 1901ರಲ್ಲಿ ವಿಕ್ಟರ್ ಕಂಪನಿಗೆ ವಾಕರ್ ಜೊತೆ ಕೊಟ್ಟ ಹಾಡುಗಳನ್ನು ಮಾತ್ರ ಆಮೇಲಕ್ಕೆ ಇಟ್ಟುಕೊಳ್ಳಿ. ಅವುಗಳ ಧ್ವನಿ ಇನ್ನೂ ಕ್ಷೀಣ, ಶುರುವಿಗೇ ಕೇಳಿದರೆ ನಿರಾಸೆಯಾದೀತು.

ಏಡಾ ಓವರ್ಟನ್ ವಾಕರ್ ಬಗ್ಗೆ ನಾವು ಒಂದು ಸಾಲನ್ನೂ ಬರೆದಿರಲಿಲ್ಲ. ಅದು ನಿಮ್ಮ ಪತ್ರದಲ್ಲಿಲ್ಲದ, ಆದರೆ ಇರಬೇಕಾಗಿದ್ದ ಆಕ್ಷೇಪ. ಮುಂದಿನ ಸಂಚಿಕೆಯಲ್ಲಿ ಅವರಿಗೆ ನಾಲ್ಕು ಪುಟ ಮೀಸಲಿಟ್ಟಿದ್ದೇವೆ.

– ಸಂಪಾದಕ