ಶನಿವಾರದ ಬಸ್ಸು ಹೋದರೆ ಹೋಗಲಿ

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯಿಂದ ಬಂದು ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೇರಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ಸೇರಿ ಎರಡು ತಿಂಗಳಾಯಿತು. ಬೆಳಿಗ್ಗೆಯಿಂದ ಕ್ಲಾಸು, ಆಮೇಲೆ ಸೆಮಿನಾರು, ಅಸೈನ್‌ಮೆಂಟು, ಇಂಟರ್ನಲ್ಸು. ಒಂದು ಗಳಿಗೆ ಪುರುಸೊತ್ತಿಲ್ಲ. ಶನಿವಾರ ಕ್ಲಾಸು ಮುಗಿದ ಕೂಡಲೇ ಊರಿನ ಬಸ್ಸು ಹತ್ತುತ್ತೇನೆ, ಸೋಮವಾರ ನಸುಕಿಗೇ ಎದ್ದು ವಾಪಸ್ ಬರುತ್ತೇನೆ. ಇಲ್ಲಿ ಯಾಕೋ ಮನಸ್ಸೇ ನಿಲ್ಲುತ್ತಿಲ್ಲ. ಮುಂದೆ ಸರಿಹೋಗುತ್ತಾ?"

ಸರಿಹೋಗುತ್ತೆ ತಂಗಿ. ಆದರೆ ಆ ಶನಿವಾರದ ಬಸ್ಸನ್ನು ನೀವು ಬಿಡಬೇಕು.

ಊರಿಗೆ ಹೋಗುವುದು ತಪ್ಪಲ್ಲ. ಅಮ್ಮನ ಕೈ ರೊಟ್ಟಿ, ಹೊಲದ ಕೆಲಸಕ್ಕೊಂದು ಕೈ, ಎಲ್ಲ ನಿಜ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚೂ ಇಲ್ಲ. ಆದರೆ ದುಡ್ಡು ಉಳಿಯಿತು ಅಂತ ಹೊತ್ತೂ ಉಳಿಯಿತಾ? ವಿಶ್ವವಿದ್ಯಾಲಯವಿರುವ ತೋಳಹುಣಸೆಯಿಂದ ದಾವಣಗೆರೆ, ಅಲ್ಲಿಂದ ಚಿತ್ರದುರ್ಗ, ದುರ್ಗದಿಂದ ಚಳ್ಳಕೆರೆ, ಆಮೇಲೆ ನಿಮ್ಮ ಹಳ್ಳಿ. ಬಸ್ಸಿಗೆ ಕಾಯುವುದೂ ಸೇರಿ ಹೋಗಿ ಬರಲು ಎಂಟು ಗಂಟೆ ಅಂತ ಇಟ್ಟುಕೊಳ್ಳಿ. ಸೆಮಿಸ್ಟರಿಗೆ 16 ವಾರ, ನಾಲ್ಕು ಸೆಮಿಸ್ಟರಿಗೆ 64 ವಾರ. ಒಟ್ಟು 512 ಗಂಟೆ ಬಸ್ಸಿಗೇ ಹೋಯಿತು! ಪುರುಸೊತ್ತಿಲ್ಲ ಅಂತೀರಲ್ಲ, ಎಲ್ಲಿ ಹೋಯಿತು ಅಂತ ಈಗ ಗೊತ್ತಾಯಿತಾ?

ಹೊತ್ತಿನದು ಸಣ್ಣ ಮಾತು, ಬಿಡಿ. ವಾರದಲ್ಲಿ ಐದು ದಿನ ಹಾಸ್ಟೆಲ್‌ನಲ್ಲಿದ್ದು ಆರನೇ ದಿನಕ್ಕೆ ಓಡಿಹೋಗುವವರಿಗೆ ಯಾವ ಊರೂ ಒಗ್ಗುವುದಿಲ್ಲ. ಭಾನುವಾರ ಕಳೆಯದ ಊರು ನಮ್ಮ ಊರಾಗುವುದು ಹೇಗೆ?

ನಾನೂ ಇದೇ ತೋಳಹುಣಸೆಯಲ್ಲಿ ಅರ್ಥಶಾಸ್ತ್ರವನ್ನೇ ಓದಿದ್ದು. ಆಗ ಅದು ಕುವೆಂಪು ವಿಶ್ವವಿದ್ಯಾಲಯದ ಪಿ.ಜಿ. ಸೆಂಟರ್, 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಹಾಸ್ಟೆಲ್ ಸಿಗದೆ ನಿಟುವಳ್ಳಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಮನೆಯ ಮಾಲೀಕರು ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ಗಿರಣಿ ಮುಚ್ಚಿ ವರ್ಷಗಳಾಗಿದ್ದವು. ಆದರೂ ಬೆಳಿಗ್ಗೆ ಮೊದಲ ಪಾಳಿಯ ಹೊತ್ತಿಗೆ ಅವರಿಗೆ ತಾನಾಗಿಯೇ ಎಚ್ಚರವಾಗುತ್ತಿತ್ತು. ಎದ್ದು ಜಗಲಿ ಮೇಲೆ ಸುಮ್ನೆ ಕೂತಿರುತ್ತಿದ್ದರು. ನಾನು ಒಳಗೆ ನಿರುದ್ಯೋಗದ ಪಾಠ ಓದುತ್ತಿದ್ದೆ, ಮೊದಲ ವರ್ಷ ಪೂರ್ತಿ ಅವರನ್ನು ಒಂದು ಮಾತು ಕೇಳಲಿಲ್ಲ. ಯಾಕೆ ಹೇಳಿ? ನಾನೂ ನಿಮ್ಮ ಹಾಗೆ ಶನಿವಾರದ ಬಸ್ಸಿನವನು. ಎರಡನೇ ವರ್ಷ ಜ್ವರ ಬಂದು ಒಂದು ಭಾನುವಾರ ಉಳಿದೆ. ಅವರು ಗಂಜಿ ತಂದುಕೊಟ್ಟು ಪಕ್ಕದಲ್ಲಿ ಕೂತರು. ಪಾಳಿ ಹೇಗೆ ಬದಲಾಗುತ್ತಿತ್ತು, ಸಂಬಳ ಹೇಗೆ ನಿಂತಿತು, ಹೆಂಡತಿಯ ಓಲೆ ಯಾವ ತಿಂಗಳು ಗಿರವಿಗೆ ಹೋಯಿತು, ಎಲ್ಲ ಹೇಳಿದರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರಿನ ಕಥೆ ಆ ಜಗಲಿಯ ಮೇಲಿತ್ತು. ಒಂದು ವರ್ಷ ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟು ಓಡಾಡಿದ್ದೆ. ಆ ನೋವು ನನಗೆ ಈಗಲೂ ಇದೆ.

ಬೆಣ್ಣೆ ದೋಸೆ ತಿಂದು ಗಾಜಿನ ಮನೆ ಮುಂದೆ ಫೋಟೊ ತೆಗೆಸಿಕೊಂಡರೆ ದಾವಣಗೆರೆ ಮುಗಿಯಲಿಲ್ಲ. ಮಂಡಕ್ಕಿ ಭಟ್ಟಿಗೆ ಹೋಗಿ. ಭತ್ತ ನೆನೆಸಿ, ಹುರಿದು, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಅರಳಿಸುತ್ತಾರೆ. ಆ ಬಿಸಿಯಲ್ಲಿ ಅರ್ಧ ಗಂಟೆ ನಿಂತು ನೋಡಿ. ಚೀಲಕ್ಕೆ ಎಷ್ಟು ಸಿಗುತ್ತೆ, ಭತ್ತದ ರೇಟು ಏರಿದರೆ ಯಾರ ಕೂಲಿ ಇಳಿಯುತ್ತೆ ಅಂತ ಕೇಳಿ. ಎ.ಪಿ.ಎಂ.ಸಿ.ಗೆ ಮೆಕ್ಕೆಜೋಳ ಬರುವ ದಿನ ಹೋಗಿ. ನೀವು ಶೇಂಗಾ ನಾಡಿನವರು, ಮಳೆ ನಂಬಿದವರು. ಇಲ್ಲಿ ಭದ್ರಾ ನಾಲೆ ನಂಬಿದವರಿದ್ದಾರೆ. ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅಂತ ಅವರು ಪಡುವ ಆತಂಕ ನಿಮ್ಮ ಅಪ್ಪ ಮೋಡ ನೋಡುವಾಗಿನ ಆತಂಕವೇ. ಇದಕ್ಕಿಂತ ಒಳ್ಳೆ ಸೆಮಿನಾರ್ ವಿಷಯ ಬೇಕಾ?

ನಿಮ್ಮ ತಾಲ್ಲೂಕಿನ ತಳುಕಿನಿಂದ ಹೋದವರು ಟಿ.ಎಸ್. ವೆಂಕಣ್ಣಯ್ಯನವರು. ಆ 'ಟಿ' ಅಂದರೆ ತಳುಕು. ಊರನ್ನು ಹೆಸರಿಗೇ ಕಟ್ಟಿಕೊಂಡು ಹೋಗಿ ಮೈಸೂರಿನಲ್ಲಿ ನೆಲೆ ನಿಂತರು, ಕುವೆಂಪು ಅವರಂಥ ಶಿಷ್ಯರಿಗೆ ಗುರುವಾದರು. ಬೇರೆ ಕಡೆ ಬೇರು ಬಿಟ್ಟರೆ ಊರು ತಪ್ಪಿಹೋಗುತ್ತೆ ಅಂತ ಹೆದರಬೇಡಿ.

ತಪ್ಪೆಲ್ಲ ನಿಮ್ಮದೇ ಅಂತಲೂ ನಾನು ಹೇಳಲಾರೆ. ವಿಶ್ವವಿದ್ಯಾಲಯಗಳನ್ನು ನಾವು ಊರಾಚೆ ಇಟ್ಟುಬಿಟ್ಟಿದ್ದೇವೆ. ತೋಳಹುಣಸೆ ಪೇಟೆಯಿಂದ ಎಂಟೊಂಬತ್ತು ಕಿಲೋಮೀಟರ್ ದೂರ. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ ಶಿವಮೊಗ್ಗದಿಂದ ಇನ್ನೂ ಎಷ್ಟೋ ಆಚೆ. ವಿದ್ಯಾರ್ಥಿಗೆ ಪೇಟೆ ಕಾಣುವುದಿಲ್ಲ, ಪೇಟೆಗೆ ವಿದ್ಯಾರ್ಥಿ ಕಾಣುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ "ಫ್ಯಾಮಿಲಿನಾ?" ಎರಡನೆಯದು ಜಾತಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಒಂದಿಷ್ಟು ದುಡ್ಡು, ಅದೂ ಹತ್ತು ತಿಂಗಳು. ಅದರಲ್ಲಿ ಊಟ, ಕೋಣೆ ಎರಡೂ ಆಗಬೇಕು. ಎಲ್ಲಾಗುತ್ತೆ? ಹಿಂದೆ ವಾರಾನ್ನ ಅಂತ ಇತ್ತು. ಬಡ ಹುಡುಗ ದಿನಕ್ಕೊಂದು ಮನೆಯಲ್ಲಿ ಉಂಡು ಓದುತ್ತಿದ್ದ. ಅಲ್ಲೂ ಜಾತಿ ಇತ್ತು, ಅದು ಮತ್ತೆ ಬರುವುದು ಬೇಡವೇ ಬೇಡ. ಆದರೆ ಈ ಹುಡುಗ ಇವತ್ತು ಉಂಡನಾ ಅಂತ ಊರಿಗೆ ಗೊತ್ತಿರುತ್ತಿತ್ತು. ಇವತ್ತು ಇಷ್ಟು ದೊಡ್ಡ ದಾವಣಗೆರೆಯಲ್ಲಿ ನಿಮ್ಮ ಹೆಸರು ಹಿಡಿದು ಕೂಗುವವರು ಹಾಸ್ಟೆಲಿನ ಆಚೆ ಒಬ್ಬರಾದರೂ ಇದ್ದಾರಾ? ಇಲ್ಲದಿದ್ದರೆ ಆ ಲೋಪ ನಮ್ಮದು, ಊರಿನವರದು.

ಬರುವ ಶನಿವಾರ ಉಳಿಯಿರಿ. ಬಟ್ಟೆ ಒಗೆದು ಹಾಕಿ, ಒಬ್ಬ ಗೆಳತಿಯನ್ನು ಕರೆದುಕೊಂಡು ಭಟ್ಟಿ ಕಡೆ ಹೋಗಿ. ಅಲ್ಲಿ ಕಂಡಿದ್ದನ್ನು ನಮಗೆ ಬರೆದು ಕಳಿಸಿ, ಈ ಸಲ ಹೆಸರು ಹಾಕಿಯೇ ಅಚ್ಚು ಮಾಡೋಣ. ಅಮ್ಮನಿಗೆ ಇವತ್ತೇ ಫೋನ್ ಮಾಡಿ, ಇನ್ನು ಮೇಲೆ ಶೇಂಗಾ ಕೀಳುವ ಹೊತ್ತಿಗೆ ಬರುತ್ತೇನೆ, ಬಂದರೆ ನಾಲ್ಕು ದಿನ ಇರುತ್ತೇನೆ ಅಂತ ಹೇಳಿ.