‘ಏನೂ ಆಗಿಲ್ಲ’ ಅಂದವರನ್ನು ಮತ್ತೆ ಯಂತ್ರಕ್ಕೆ ನಿಲ್ಲಿಸಬೇಡಿ

ಪ್ರಿಯ ಓದುಗರೇ,

ಲೇತ್ ಯಂತ್ರದ ಪಕ್ಕ ಚೆಲ್ಲಿದ್ದ ಕೂಲಂಟ್ (ಲೋಹ ಕೊರೆಯುವಾಗ ಬಿಸಿ ತಣಿಸಲು ಹರಿಸುವ ದ್ರವ) ಮೇಲೆ ಕಾಲು ಜಾರಿ ನಿಮ್ಮ ಸಹೋದ್ಯೋಗಿ ಅಂಗಾತ ಬಿದ್ದರು, ಎದ್ದು ‘ಏನೂ ಆಗಿಲ್ಲ’ ಎಂದು ಪಾಳಿ ಮುಗಿಸಿದರು, ರಾತ್ರಿ ಮೇಲಿಂದ ಮೇಲೆ ವಾಂತಿಯಾಗಿ ಆಸ್ಪತ್ರೆ ಸೇರಿದರು ಎಂದು ಬರೆದಿದ್ದೀರಿ. ಎತ್ತರದಿಂದ ಬಿದ್ದಿಲ್ಲ, ರಕ್ತ ಬಂದಿಲ್ಲ, ಹೆಲ್ಮೆಟ್ ಬೇರೆ ಇತ್ತು, ಹೀಗೇಕಾಯಿತು ಎಂದು ಕೇಳಿದ್ದೀರಿ. ಅವರು ಚೇತರಿಸಿಕೊಳ್ಳುತ್ತಿದ್ದಾರೆಂಬ ಸಾಲು ಓದಿ ಸಮಾಧಾನವಾಯಿತು.

ನಿಂತ ನೆಲದ ಮೇಲೆ ಬೀಳುವುದನ್ನು ನಾವು ತೀರಾ ಹಗುರವಾಗಿ ಕಾಣುತ್ತೇವೆ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಹಿಡಿಯುವ ಸಮಯ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೆ. ಹಿಂದಕ್ಕೆ ಜಾರಿದವರಿಗೆ ಕೈ ಊರಲೂ ಆಗುವುದಿಲ್ಲ. ಕೆಳಗೆ ಕಾಂಕ್ರೀಟು. ಕಾರ್ಖಾನೆಯ ಸಾಮಾನ್ಯ ಹೆಲ್ಮೆಟ್ ಇರುವುದು ಮುಖ್ಯವಾಗಿ ಮೇಲಿನಿಂದ ಬೀಳುವ ವಸ್ತುವನ್ನು ತಡೆಯಲು. ಗಲ್ಲದ ಪಟ್ಟಿ ಬಿಗಿಯದಿದ್ದರೆ ತಲೆ ನೆಲ ಮುಟ್ಟುವ ಮೊದಲೇ ಅದು ಹಾರಿಹೋಗಿರುತ್ತದೆ.

ರಕ್ತ ಕಾಣಲಿಲ್ಲ ಎಂಬುದನ್ನಂತೂ ನಂಬಲೇಬೇಡಿ. ತಲೆಬುರುಡೆಯ ಒಳಗೆ ರಕ್ತನಾಳ ಹರಿದರೂ ಕೆಲವರು ಗಂಟೆಗಟ್ಟಲೆ ಸರಿಯಾಗಿಯೇ ಮಾತಾಡಿಕೊಂಡಿರುತ್ತಾರೆ. ಅಷ್ಟರಲ್ಲಿ ರಕ್ತ ಒಳಗೇ ಶೇಖರವಾಗಿ ಮಿದುಳನ್ನು ಒತ್ತುತ್ತಿರುತ್ತದೆ. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ವಾರಗಳ ನಂತರ ಗೊತ್ತಾಗುವುದೂ ಉಂಟು. ತಲೆನೋವು ಏರುತ್ತಾ ಹೋದರೆ, ಪದೇ ಪದೇ ವಾಂತಿಯಾದರೆ, ಮಾತು ತೊದಲಿದರೆ, ಕೇಳಿದ್ದನ್ನೇ ಕೇಳುತ್ತಿದ್ದರೆ, ಒಂದು ಕೈಯೋ ಕಾಲೋ ಸೋತರೆ, ಎಬ್ಬಿಸಿದರೂ ಏಳದಂಥ ಮಂಪರು ಕವಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಪೆಟ್ಟು ತಿಂದ ಮಿದುಳು ತನ್ನ ಸ್ಥಿತಿಯನ್ನು ತಾನೇ ಅಳೆಯಲಾರದು. ಆದ್ದರಿಂದ ‘ಚೆನ್ನಾಗಿದ್ದೀನಿ’ ಎಂಬ ಅವರ ಮಾತಿನ ಮೇಲೆ ತೀರ್ಮಾನ ಬಿಡಬಾರದಿತ್ತು.

‘ನೋಡಿಕೊಂಡು ನಡೆಯಬೇಕಿತ್ತು’ ಎಂದು ಮೇಲ್ವಿಚಾರಕರು ಅಂದರಂತೆ. ಇದನ್ನು ನಾನು ಒಪ್ಪಲಾರೆ. ಆ ಕೂಲಂಟ್ ಎಲ್ಲಿಂದಲೋ ಸೋರಿರಲೇಬೇಕು: ಸಡಿಲವಾದ ಪೈಪಿನ ಜೋಡಣೆಯಿಂದ, ಸಿಡಿತ ತಡೆಯುವ ಗಾರ್ಡನ್ನು ಕಳಚಿಟ್ಟಿದ್ದರಿಂದ, ತುಂಬಿದ ಟ್ರೇಯಿಂದ. ಮೇಲೆ ಮರದ ಹೊಟ್ಟು ಎರಚಿದರೆ ಸೋರಿಕೆ ನಿಲ್ಲುವುದಿಲ್ಲ. ಗೋಡೆಯ ಮೇಲೆ ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕ ಇದ್ದು, ಅದರ ಲೆಕ್ಕಕ್ಕೆ ಬಹುಮಾನವೂ ಇದ್ದರೆ, ಬಿದ್ದವರು ಬಾಯಿ ಬಿಡುವುದು ಇನ್ನೂ ಕಷ್ಟ.

ಅವರು ಕೆಲಸಕ್ಕೆ ಮರಳಿದ ಮೇಲೂ ಕೆಲವು ವಾರ ತಲೆಸುತ್ತು, ಗಮನ ಕದಲುವುದು, ಬೆಳಕು–ಸದ್ದು ಸಹಿಸಲಾಗದಿರುವುದು ಇರಬಹುದು. ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ಇವೆಲ್ಲ ನೆಪವೆಂದು ಯಾರೂ ತಿಳಿಯದಿರಲಿ. ವೈದ್ಯರು ಒಪ್ಪುವವರೆಗೆ ಅವರನ್ನು ಏಣಿ ಹತ್ತಿಸಬೇಡಿ, ತಿರುಗುವ ಯಂತ್ರದ ಮುಂದೆ ಒಬ್ಬರನ್ನೇ ಬಿಡಬೇಡಿ.

– ಸಂಪಾದಕ